ಗಂಡನ ಮನಸ್ಸು ಸರಿಯಿಲ್ಲ, ಕೆನಡಾ ಸ್ಪೌಸ್ ಫೈಲ್ ಬೇಗ ಮಾಡಿಸೋಕೆ ದಾರಿ ಇದೆಯಾ?

ಗಂಗಾವತಿ ಟೀಚರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮದುವೆಯಾಗಿ ಒಂದೂವರೆ ವರ್ಷ. ನಮ್ಮ ಮನೆಯವರು ಕೆನಡಾದ ಬ್ರಾಂಪ್ಟನ್‌ನಲ್ಲಿದ್ದಾರೆ. ಓದೋಕೆ ಅಂತ ಹೋದವರು, ಆಮೇಲೆ ಪಿಆರ್, ಅಂದರೆ ಅಲ್ಲೇ ಕಾಯಂ ಆಗಿ ಇರೋ ಹಕ್ಕು, ಆಯಿತು. ಅಲ್ಲಿ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್ ಕೆಲಸ. ನಾನು ಗಂಗಾವತಿಯಲ್ಲಿ ಅತ್ತೆ ಮಾವನ ಜೊತೆ ಇದ್ದೇನೆ, ಇಲ್ಲೇ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ನನ್ನನ್ನು ಅಲ್ಲಿಗೆ ಕರೆಸಿಕೊಳ್ಳೋ ಸ್ಪಾನ್ಸರ್‌ಶಿಪ್ ಅರ್ಜಿ ಹಾಕಿ ಎಂಟು ತಿಂಗಳಾಯಿತು. ಬೆಂಗಳೂರಿಗೆ ಹೋಗಿ ಬಯೋಮೆಟ್ರಿಕ್ ಕೊಟ್ಟು ಬಂದೆ. ಅವರ ಕಡೆಯ ಸ್ಪಾನ್ಸರ್ ಅಪ್ರೂವಲ್ ಬಂದಿದೆ. ಮೆಡಿಕಲ್ ಪರೀಕ್ಷೆ ಮಾಡಿಸಿ ಅಂತ ನನಗೆ ಬರಬೇಕಾದ ಪತ್ರ ಇನ್ನೂ ಬಂದಿಲ್ಲ.

ದಿನಾ ಬೆಳಗಿನ ಜಾವ ಐದಕ್ಕೆ ಮಾತಾಡುತ್ತೇವೆ. ಅಲ್ಲಿ ಆಗ ಹಿಂದಿನ ದಿನದ ಸಂಜೆ ಆರೂವರೆ. ಮೊದಲೆಲ್ಲ ಸ್ಟೋವ್ ಮುಂದೆ ನಿಂತು ಅಡುಗೆ ಮಾಡುತ್ತಾ ಮಾತಾಡುತ್ತಿದ್ದರು. ಈಗ ಮೂರು ತಿಂಗಳಿಂದ ವಿಡಿಯೋದಲ್ಲಿ ಮುಖ ಕಾಣಲ್ಲ. ಫೋನನ್ನು ಹಾಸಿಗೆ ಮೇಲೆ ಅಂಗಾತ ಇಟ್ಟುಬಿಡುತ್ತಾರೆ. ನನಗೆ ಕಾಣೋದು ಬೇಸ್‌ಮೆಂಟಿನ ಬಿಳಿ ಸೂರು, ಹೊಗೆ ಬಂದರೆ ಕೂಗುವ ಆ ದುಂಡನೆ ಡಬ್ಬಿ, ಅದರಲ್ಲಿ ಒಂದು ಹಸಿರು ದೀಪ. ಇಪ್ಪತ್ತು ನಿಮಿಷ ಆ ದೀಪ ನೋಡಿಕೊಂಡೇ ಮಾತಾಡುತ್ತೇನೆ. ಅವರು "ಹೂಂ" ಅಂತಾರೆ, ಅಷ್ಟೇ.

ಹೋದ ತಿಂಗಳು ಅವರ ರೂಮ್‌ಮೇಟ್ ಫೋನ್ ಮಾಡಿದರು. ಎರಡು ದಿನದಿಂದ ಊಟ ಮಾಡಿಲ್ಲ, ಶಿಫ್ಟಿಗೂ ಹೋಗಿಲ್ಲ ಅಂದರು. ಅವರೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ಪುಣ್ಯಾತ್ಮ. ಖಿನ್ನತೆ ಅಂತ ಹೇಳಿ ಮಾತ್ರೆ ಕೊಟ್ಟಿದ್ದಾರೆ. ಈಗ ಕೆಲಸಕ್ಕೆ ರಜೆ ಹಾಕಿದ್ದಾರೆ.

ನಾನು ಕೇಳಬೇಕಾಗಿರೋದು ಇಷ್ಟು. ಈ ಕಾರಣ ಹೇಳಿ ಫೈಲ್ ಬೇಗ ಮಾಡಿ ಅಂತ ಕೇಳಬಹುದಾ? ಹೇಳಿದರೆ "ಸ್ಪಾನ್ಸರ್‌ಗೇ ಹುಷಾರಿಲ್ಲ, ಸಂಬಳ ಇಲ್ಲ" ಅಂತ ರಿಜೆಕ್ಟ್ ಮಾಡಿಬಿಡುತ್ತಾರಾ? ಅತ್ತೆ ಬೇರೆ, ಮಗನನ್ನು ಆರು ತಿಂಗಳು ಊರಿಗೆ ಕರೆಸಿಕೊಳ್ಳೋಣ, ಹುಲಿಗೆಮ್ಮನಿಗೆ ಹರಕೆ ಇದೆ, ಎಲ್ಲಾ ಸರಿ ಹೋಗುತ್ತೆ ಅಂತಿದ್ದಾರೆ. ಏನು ಮಾಡಲಿ?

ಸಿಂಧನೂರಿಂದ ಕ್ಯಾಲ್ಗರಿ

ತಂಗಿ, ಮೊದಲು ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ನಿದ್ದೆ ಕೆಡಿಸುತ್ತಿರೋದು ಅದೇ ಅಂತ ಕಾಣುತ್ತೆ.

ಗಂಡ ಹೆಂಡತಿ ಸ್ಪಾನ್ಸರ್‌ಶಿಪ್‌ಗೆ ಸಾಮಾನ್ಯವಾಗಿ ಇಂತಿಷ್ಟೇ ಆದಾಯ ಇರಬೇಕು ಅನ್ನೋ ನಿಯಮ ಇಲ್ಲ. ಅಪ್ಪ ಅಮ್ಮನ್ನ ಕರೆಸೋಕೆ ಇದೆ, ಹೆಂಡತಿಗೆ ಇಲ್ಲ. ಸ್ಪಾನ್ಸರ್‌ಗೆ ಮೆಡಿಕಲ್ ಪರೀಕ್ಷೆನೂ ಇಲ್ಲ. ಇಲ್ಲಿ ನೋಡಬೇಕಾದ ಮುಖ್ಯ ವಿಷಯ, ಅವರು ಸರ್ಕಾರದ ಸೋಷಿಯಲ್ ಅಸಿಸ್ಟೆನ್ಸ್ (ಆದಾಯ ಇಲ್ಲದವರಿಗೆ ಕೊಡೋ ಸಹಾಯಧನ) ತಗೋಬಾರದು. ಅಂಗವೈಕಲ್ಯದ ಕಾರಣಕ್ಕೆ ತಗೊಂಡರೆ ಪರವಾಗಿಲ್ಲ, ಬೇರೆ ಕಾರಣಕ್ಕೆ ತಗೊಂಡರೆ ಸ್ಪಾನ್ಸರ್ ಮಾಡೋ ಅರ್ಹತೆ ಹೋಗುತ್ತೆ. ಇಐ (ಉದ್ಯೋಗ ವಿಮೆ) ಸಿಕ್‌ನೆಸ್ ಬೆನಿಫಿಟ್, ಅಂದರೆ ಹುಷಾರಿಲ್ಲದಾಗ ಬರೋ ಹಣ, ಬೇರೆ. ಅದು ಸಂಬಳದಲ್ಲಿ ಕಟ್ಟಿದ ವಿಮೆಯ ಹಣ. 2022ರ ಡಿಸೆಂಬರ್‌ನಿಂದ ಅದನ್ನು 15 ವಾರದಿಂದ 26 ವಾರಕ್ಕೆ ಏರಿಸಿದ್ದಾರೆ. 600 ಗಂಟೆ ಕೆಲಸ ಮಾಡಿರಬೇಕು, ಡಾಕ್ಟರ್ ಸರ್ಟಿಫಿಕೇಟ್ ಬೇಕು. ಅವರು ಇನ್ನೂ ಹಾಕಿಲ್ಲದಿದ್ದರೆ ರೂಮ್‌ಮೇಟ್‌ಗೆ ಹೇಳಿ ಇವತ್ತೇ ಹಾಕಿಸಿ. ಖಿನ್ನತೆ ಇದ್ದವರಿಗೆ ಒಂದು ಫಾರ್ಮ್ ತುಂಬೋದೂ ಬೆಟ್ಟ ಹತ್ತಿದ ಹಾಗೆ. ನಾನೇ ಅನುಭವಿಸಿದ್ದೇನೆ.

ಇನ್ನು ಬೇಗ ಮಾಡಿಸೋ ವಿಷಯ. ಕೇಳಬಹುದು. ದುಡ್ಡು ಕಟ್ಟಿ ಬೇಗ ಮಾಡಿಸೋ ದಾರಿ ಕೆನಡಾ ಸ್ಪೌಸ್ ಫೈಲಿಗೆ ಇಲ್ಲ, ಆ ಮಾತು ಯಾರಾದರೂ ಹೇಳಿದರೆ ಅಲ್ಲೇ ಎದ್ದು ಬನ್ನಿ. ಐಆರ್‌ಸಿಸಿ, ಅಂದರೆ ಕೆನಡಾ ವಲಸೆ ಇಲಾಖೆಯ ವೆಬ್‌ಸೈಟಿನಲ್ಲಿ ವೆಬ್‌ಫಾರ್ಮ್ ಇದೆ. ಅದರಲ್ಲಿ ಅರ್ಜಿ ನಂಬರ್ ಹಾಕಿ, ಅರ್ಜೆಂಟ್ ಯಾಕೆ ಅಂತ ಬರೆದು, ಡಾಕ್ಟರ್ ಪತ್ರ ಸೇರಿಸಬೇಕು. ಒಪ್ಪಲೇಬೇಕು ಅಂತ ಏನೂ ಇಲ್ಲ, ಆಫೀಸರ್ ತೀರ್ಮಾನ.

ನನ್ನ ಕತೆ ಹೇಳುತ್ತೇನೆ. ನನ್ನ ಹೆಂಡತಿ ಸಿಂಧನೂರಿನಲ್ಲಿದ್ದಾಗ ನನಗೂ ಹೀಗೇ ಆಯಿತು. ನಾನು ಮೊದಲು ಕಳಿಸಿದ ಡಾಕ್ಟರ್ ಪತ್ರದಲ್ಲಿ ಎರಡೇ ಸಾಲು ಇತ್ತು. "ಇವರಿಗೆ ಡಿಪ್ರೆಶನ್ ಇದೆ, ದಯವಿಟ್ಟು ಬೇಗ ವೀಸಾ ಕೊಡಿ." ಉತ್ತರವೇ ಬರಲಿಲ್ಲ. ಆಮೇಲೆ ನನ್ನ ಕೌನ್ಸೆಲರ್ ಹೇಳಿದರು, ವೀಸಾ ಕೊಡಿ ಅಂತ ಡಾಕ್ಟರ್ ಕೇಳೋದು ಬೇಡ, ನಿನಗೆ ದಿನ ಹೇಗೆ ಸಾಗ್ತಿದೆ ಅಂತ ಅವರು ಬರೆಯಲಿ ಅಂತ. ಎರಡನೇ ಪತ್ರದಲ್ಲಿ ಯಾವಾಗಿಂದ ತೊಂದರೆ, ಯಾವ ಮಾತ್ರೆ, ಎಷ್ಟು ಸಲ ಬಂದು ಹೋದರು, ನಿದ್ದೆ ಎಷ್ಟು, ಕೆಲಸಕ್ಕೆ ಎಷ್ಟು ದಿನ ಹೋಗಿಲ್ಲ, ಮನೆಯಲ್ಲಿ ನೋಡಿಕೊಳ್ಳೋರು ಯಾರೂ ಇಲ್ಲ, ಒಬ್ಬರೇ ಇರೋದರಿಂದ ಚಿಕಿತ್ಸೆಗೆ ಏನು ಅಡ್ಡಿ, ತಡವಾದರೆ ಏನಾಗಬಹುದು ಅನ್ನೋದೆಲ್ಲ ಇತ್ತು. ಲೆಟರ್‌ಹೆಡ್, ತಾರೀಖು, ಡಾಕ್ಟರ್ ಲೈಸೆನ್ಸ್ ನಂಬರ್ ಎಲ್ಲಾ ಇತ್ತು. ಅದನ್ನು ವೆಬ್‌ಫಾರ್ಮ್‌ನಲ್ಲಿ ಹಾಕಿ, ನಮ್ಮ ಏರಿಯಾ ಸಂಸದರ ಕಚೇರಿಗೂ ಕೊಟ್ಟೆ. ಅವರು ತೀರ್ಮಾನ ಬದಲಿಸೋಕೆ ಆಗಲ್ಲ, ಫೈಲ್ ಎಲ್ಲಿ ನಿಂತಿದೆ ಅಂತ ವಿಚಾರಿಸುತ್ತಾರೆ. ಫೀಸ್ ಇಲ್ಲ. ಪಿಆರ್ ಇದ್ದವರೂ ಹೋಗಬಹುದು, ವೋಟು ಇಲ್ಲ ಅಂತ ವಾಪಸ್ ಕಳಿಸಲ್ಲ. ನಿಮ್ಮ ಸಹಿ ಇರೋ ಒಪ್ಪಿಗೆ ಪತ್ರ ಕೇಳುತ್ತಾರೆ, ಅದನ್ನು ಮೊದಲೇ ಮಾಡಿ ಕಳಿಸಿಬಿಡಿ.

ಕುಷ್ಟಗಿ ಹುಡುಗ

ಅಕ್ಕ, ಇಲ್ಲಿ ಒಬ್ಬ ಏಜೆಂಟ್ ನಮ್ಮ ಪರಿಚಯದವರಿಗೆ ಹೇಳಿದ್ದ, "ಗಂಡ ಸಾಯೋಕೆ ಪ್ರಯತ್ನ ಮಾಡಿದ್ದಾನೆ ಅಂತ ಪತ್ರ ಮಾಡಿಸೋಣ, ಫೈಲ್ ತಕ್ಷಣ ಓಡುತ್ತೆ" ಅಂತ. ಮೂವತ್ತು ಸಾವಿರ ಕೇಳಿದ್ದ. ಅದು ಕೆಲಸ ಮಾಡುತ್ತಾ?

ಸಿಂಧನೂರಿಂದ ಕ್ಯಾಲ್ಗರಿ

ದಯವಿಟ್ಟು ಆ ದಾರಿ ಯಾರೂ ಹಿಡಿಯಬೇಡಿ. ಕೆನಡಾ ವಲಸೆ ಕಾನೂನಿನ 40ನೇ ಕಲಂ ಪ್ರಕಾರ ಸುಳ್ಳು ದಾಖಲೆ ಕೊಟ್ಟರೆ 5 ವರ್ಷ ಬ್ಯಾನ್. ಆ 5 ವರ್ಷ ಪಿಆರ್ ಅರ್ಜಿ ಹಾಕೋಕೂ ಆಗಲ್ಲ. ಇಬ್ಬರೂ ಬೇರೆ ಬೇರೆ ದೇಶದಲ್ಲಿ ಕೂತು ಅಷ್ಟು ವರ್ಷ ಕಳೆಯಬೇಕು. ಕೆನಡಾ ಕೆಲಸಕ್ಕೆ ಫೀಸ್ ತಗೊಳ್ಳೋ ಕನ್ಸಲ್ಟೆಂಟ್‌ಗೆ ಲೈಸೆನ್ಸ್ ಇರಬೇಕು, ಸಿಐಸಿಸಿ ಅನ್ನೋ ಸಂಸ್ಥೆಯ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಯಾರು ಬೇಕಾದರೂ ನೋಡಬಹುದು. ಆ ಏಜೆಂಟ್ ಹೆಸರು ಅಲ್ಲಿ ಸಿಗುತ್ತಾ ನೋಡು ತಮ್ಮಾ.

ಇನ್ನೊಂದು ಮಾತು. ಬದುಕಿರೋ ಗಂಡನ ಮೇಲೆ ಅಂಥ ಮಾತು ಕಾಗದದಲ್ಲಿ ಬರೆಸೋದು ನನಗೆ ಸಹಿಸೋಕೆ ಆಗಲ್ಲ. ನಿಜವಾಗಿ ಆ ಅಂಚಿಗೆ ಹೋಗಿ ಬಂದವರಿಗೆ ಅದರ ಭಾರ ಗೊತ್ತು.

ರಾಯಚೂರು ನರ್ಸ್

ಟೀಚರಮ್ಮ, ನಾನು ಮನೋರೋಗ ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ವೀಸಾ ವಿಷಯ ಕ್ಯಾಲ್ಗರಿ ಅಣ್ಣ ನೋಡಿಕೊಳ್ಳಲಿ. ನಾನು ಬೇರೆ ಒಂದು ಕೇಳುತ್ತೇನೆ. "ಸಾಯಬೇಕು ಅಂತ ಅನಿಸುತ್ತಾ" ಅಂತ ನೀವು ಅವರನ್ನು ನೇರವಾಗಿ ಕೇಳಿದ್ದೀರಾ?

ಕೇಳಿದರೆ ಆ ಯೋಚನೆ ತಲೆಗೆ ಬರುತ್ತೆ ಅಂತ ನಮ್ಮ ಕಡೆ ಎಲ್ಲರೂ ಹೆದರುತ್ತಾರೆ. ಹಾಗೇನೂ ಆಗಲ್ಲ. ಆ ಯೋಚನೆ ಇದ್ದವರಿಗೆ ಯಾರಾದರೂ ಕೇಳಿದರೆ ಎದೆ ಹಗುರ ಆಗುತ್ತೆ. ಸುತ್ತಿ ಬಳಸಿ ಬೇಡ. "ಹಂಗೇನಾದ್ರೂ ತಲೆಯಲ್ಲಿ ಬರ್ತಿದೆಯಾ" ಅಂದರೆ "ಇಲ್ಲ" ಅಂದುಬಿಡುತ್ತಾರೆ. ನೇರವಾಗಿ ಕೇಳಿ, ಉತ್ತರ ಬರೋವರೆಗೂ ಸುಮ್ನೆ ಕಾಯಿರಿ. ಬರುತ್ತೆ ಅಂದರೆ ಗಾಬರಿಯಾಗಿ ಅಳಬೇಡಿ, ಬೈಯಬೇಡಿ. ಹೇಗೆ, ಯಾವಾಗ ಅಂತ ಏನಾದರೂ ಯೋಚನೆ ಮಾಡಿದ್ದಾರಾ ಅಂತಲೂ ಕೇಳಿ. ಮಾಡಿದ್ದೇನೆ ಅಂದರೆ ರೂಮ್‌ಮೇಟ್ ಅವರನ್ನು ಒಂಟಿಯಾಗಿ ಬಿಡಬಾರದು, ಮಾತ್ರೆ ಡಬ್ಬಿ ರೂಮ್‌ಮೇಟ್ ಹತ್ತಿರ ಇರಲಿ. ಅಲ್ಲಿ 988 ಅಂತ ನಂಬರ್ ಇದೆ, ಹಗಲು ರಾತ್ರಿ ಫೋನ್ ಅಥವಾ ಮೆಸೇಜ್ ಮಾಡಬಹುದು. ಇಂಗ್ಲಿಷ್, ಫ್ರೆಂಚ್‌ನಲ್ಲಿ ಮಾತಾಡುತ್ತಾರೆ. ಕೈ ಮೀರಿದರೆ ಅಲ್ಲಿನ ತುರ್ತು ನಂಬರ್ 911.

ಮಾತ್ರೆ ಶುರು ಮಾಡಿ ಒಂದು ತಿಂಗಳು ಅಂದಿರಿ. ಈ ಮಾತ್ರೆಗಳು ಹಿಡಿಯೋಕೆ ನಾಲ್ಕರಿಂದ ಆರು ವಾರ ಬೇಕಾಗಬಹುದು. ಎರಡು ವಾರಕ್ಕೇ "ಇದರಿಂದ ಏನೂ ಆಗ್ತಿಲ್ಲ" ಅಂತ ಬಿಡೋರು ಬಹಳ. ಅವರು ಬಿಟ್ಟಿಲ್ಲ ತಾನೆ? ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

ಗಂಗಾವತಿ ಟೀಚರ್

ಕೇಳಿದೆ ಅಕ್ಕಾ.

ಬೆಳಿಗ್ಗೆ ಐದಕ್ಕೆ ಮಹಡಿ ಮೇಲೆ ಹೋದೆ, ಅತ್ತೆಗೆ ಕೇಳಿಸಬಾರದು ಅಂತ. ಪಕ್ಕದ ಗದ್ದೆಯಲ್ಲಿ ಭತ್ತ ಕೊಯ್ಯೋ ಮಷೀನ್ ಆಗಲೇ ಬಂದಿತ್ತು, ಅದರ ಲೈಟ್ ಓಡಾಡುತ್ತಿತ್ತು. ನೀವು ಹೇಳಿದ ಹಾಗೇ ನೇರವಾಗಿ ಕೇಳಿದೆ. ತುಂಬಾ ಹೊತ್ತು ಮಾತೇ ಇಲ್ಲ. ಮಷೀನ್ ಆ ಬದುವಿನ ತನಕ ಹೋಗಿ ತಿರುಗಿಕೊಂಡು ಬಂತು, ಅಲ್ಲಿವರೆಗೂ ಸುಮ್ಮನಿದ್ದೆ. ಆಮೇಲೆ ಹೇಳಿದರು. "ಸಾಯಬೇಕು ಅಂತ ಇಲ್ಲ. ಬೆಳಿಗ್ಗೆ ಏಳದೇ ಇದ್ದರೆ ಚೆನ್ನಾಗಿರುತ್ತೆ ಅನಿಸುತ್ತೆ." ನಾನು ಅಳಲಿಲ್ಲ ಅಕ್ಕಾ. ಫೋನ್ ಇಟ್ಟ ಮೇಲೆ ಅತ್ತುಬಿಟ್ಟೆ.

ಈ ಮಾತನ್ನು ಡಾಕ್ಟರಿಗೆ ಹೇಳಿದ್ದೀರಾ ಅಂದರೆ ಇಲ್ಲವಂತೆ. "ಕೇಳಲಿಲ್ಲ, ಹೇಳಲಿಲ್ಲ" ಅಂದರು. ಶುಕ್ರವಾರ ಮತ್ತೆ ಹೋಗಬೇಕು, ಈ ಸಲ ಹೇಳುತ್ತೇನೆ ಅಂದಿದ್ದಾರೆ. ಮಾತ್ರೆ ಬಿಟ್ಟಿಲ್ಲ.

ರಾಯಚೂರು ನರ್ಸ್

ಬಹಳ ದೊಡ್ಡ ಕೆಲಸ ಮಾಡಿದಿರಿ. ಏಳದಿದ್ದರೆ ಚೆನ್ನ ಅನ್ನೋದನ್ನೂ ಹಗುರವಾಗಿ ತಗೋಬಾರದು. ಶುಕ್ರವಾರ ಆ ಮಾತನ್ನು ಹಾಗೇ ಹೇಳಲಿ. ಹೇಳೋಕೆ ಆಗದಿದ್ದರೆ ಫೋನಿನಲ್ಲಿ ಟೈಪ್ ಮಾಡಿ ಡಾಕ್ಟರಿಗೆ ತೋರಿಸಲಿ. ರೂಮ್‌ಮೇಟ್ ಜೊತೆಗೆ ಹೋಗಲಿ. ಶುಕ್ರವಾರದೊಳಗೆ ಜಾಸ್ತಿ ಆದರೆ ಕಾಯಬೇಡಿ, 988.

ಮಾನ್ವಿ ಟೆಕ್ಸಾಸ್

ಅಮೆರಿಕದ ಕಡೆ ಇರೋರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಇಲ್ಲೂ ಮನೆಯವರನ್ನು ಕರೆಸಿಕೊಳ್ಳೋ ಐ-130 ಅರ್ಜಿಗೆ ಎಕ್ಸ್‌ಪೆಡೈಟ್, ಅಂದರೆ ಬೇಗ ನೋಡಿ ಅಂತ, ಕೇಳಬಹುದು. ತುರ್ತು ಮಾನವೀಯ ಕಾರಣ ಅನ್ನೋದು ಅದರ ಒಂದು ಆಧಾರ. ಆದರೆ ಗ್ರೀನ್ ಕಾರ್ಡ್ ಇರೋರ ಹೆಂಡತಿ ಎಫ್2ಎ ಅನ್ನೋ ಸರದಿಯಲ್ಲಿ ಬರುತ್ತಾಳೆ, ಅದಕ್ಕೆ ವರ್ಷಕ್ಕೆ ಇಷ್ಟೇ ವೀಸಾ ಅಂತ ಮಿತಿ ಇದೆ. ಎಕ್ಸ್‌ಪೆಡೈಟ್ ಒಪ್ಪಿದರೂ ಅರ್ಜಿ ಬೇಗ ಪಾಸ್ ಆಗುತ್ತೆ, ಸರದಿ ಮುಂದೆ ಹೋಗಲ್ಲ. ಇದು ಗೊತ್ತಿಲ್ಲದೆ ನಾನು ಏಳು ತಿಂಗಳು ಎಕ್ಸ್‌ಪೆಡೈಟ್ ಪತ್ರಗಳ ಹಿಂದೆ ಬಿದ್ದಿದ್ದೆ. ಗಂಡ ಸಿಟಿಜನ್ ಆಗಿದ್ದರೆ ಹೆಂಡತಿಗೆ ಆ ಮಿತಿ ಇಲ್ಲ. ಸಿಟಿಜನ್‌ಶಿಪ್ ಹತ್ತಿರ ಇರೋರು ಮೊದಲು ಆ ಅರ್ಜಿ ಹಾಕಿ.

ಸಿಂಧನೂರಿಂದ ಕ್ಯಾಲ್ಗರಿ

ತಂಗಿ, ಅತ್ತೆಯವರ ಮಾತಿಗೆ ಉತ್ತರ ಹೇಳೋದು ಮರೆತಿದ್ದೆ, ಇದು ಮುಖ್ಯ. ಪಿಆರ್ ಇರೋರು ಕೆನಡಾದಲ್ಲಿ ವಾಸ ಇದ್ದರೆ ಮಾತ್ರ ಸ್ಪಾನ್ಸರ್ ಮಾಡೋಕೆ ಆಗೋದು. ಹೊರಗೆ ಇದ್ದುಕೊಂಡೂ ಹಾಕೋ ಅವಕಾಶ ಸಿಟಿಜನ್ ಆದವರಿಗೆ ಮಾತ್ರ. ಅವರು ಕೆಲಸ ಬಿಟ್ಟು, ರೂಮ್ ಖಾಲಿ ಮಾಡಿ, ಆರು ತಿಂಗಳು ಗಂಗಾವತಿಗೆ ಬಂದು ಕೂತರೆ ನಿಮ್ಮ ಫೈಲಿಗೇ ಪೆಟ್ಟು ಬೀಳಬಹುದು. ಎರಡು ಮೂರು ವಾರ ರಜೆಗೆ ಬಂದು ಹೋಗೋದು ಬೇರೆ. ಆಗಲೂ ರೂಮಿನ ಬಾಡಿಗೆ ಕರಾರು, ಕೆಲಸದ ರಜೆ ಪತ್ರ, ವಾಪಸ್ ಟಿಕೆಟ್ ಎಲ್ಲಾ ಇರಲಿ. ಇಐ ಹಣ ದೇಶದ ಹೊರಗಿದ್ದ ದಿನಗಳಿಗೆ ಸಾಮಾನ್ಯವಾಗಿ ಬರಲ್ಲ, ಹೊರಡೋ ಮೊದಲು ಫೋನ್ ಮಾಡಿ ತಿಳಿಸಲೇಬೇಕು.

ಡಾಕ್ಟರ್ ಒಪ್ಪಿದರೆ ಒಂದು ಸಣ್ಣ ಭೇಟಿ ಒಳ್ಳೆಯದೇ ಅನ್ನೋದು ನನ್ನ ಅಭಿಪ್ರಾಯ. ಅಮ್ಮನ ಕೈ ಅಡುಗೆ ತಿಂದರೆ ಎಷ್ಟೋ ಆಗುತ್ತೆ. ಹರಕೆನೂ ತೀರಿಸಿ ಬರಲಿ. ಮಾತ್ರೆ ಮಾತ್ರ ಜೊತೆಯಲ್ಲೇ ಇರಬೇಕು.

ಬಳ್ಳಾರಿ ಕೌಲ್ ಬಜಾರ್

ತಂಗಿ, ಎಲ್ಲರೂ ನಿಮ್ಮ ಯಜಮಾನರ ಬಗ್ಗೆ ಬರೆದರು. ನೀವು ಹೇಗಿದ್ದೀರಿ? ಬೆಳಿಗ್ಗೆ ಐದಕ್ಕೆ ಎದ್ದು ಆ ಹಸಿರು ದೀಪ ನೋಡಿ, ಆಮೇಲೆ ಶಾಲೆಗೆ ಹೋಗಿ ಮಕ್ಕಳ ಮುಂದೆ ನಿಲ್ಲೋದು ಸಣ್ಣ ಮಾತಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ರಾತ್ರಿನೂ ಇರುತ್ತಾರೆ. ನನ್ನ ತಮ್ಮ ದುಬೈನಲ್ಲಿ ಸಂಕಟದಲ್ಲಿದ್ದಾಗ ನಾನು ನನಗೋಸ್ಕರ ಫೋನ್ ಮಾಡಿದ್ದೆ.

ಹಾಗೇ ಒಂದು ವಿಷಯ. ಊರಲ್ಲಿ ಯಾರಾದರೂ "ಇದೆಲ್ಲ ದೊಡ್ಡ ಊರಿನ ಕಾಯಿಲೆ" ಅಂದರೆ ಹೇಳಿ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಮನೋರೋಗಕ್ಕೆ ಔಷಧಿ ಸಿಗೋ ಹಾಗೆ ಮಾಡಿದ್ದರು. ಬಳ್ಳಾರಿ ಮಾದರಿ ಅಂತಲೇ ಹೆಸರಾಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಬುನಾದಿ. ಆಗ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಬಂದು ಕೇಳುತ್ತಿದ್ದರು ಅಂತ ನಮ್ಮ ಅವ್ವ ಈಗಲೂ ಹೇಳುತ್ತಾಳೆ.

ಗಂಗಾವತಿ ಟೀಚರ್

ಅಣ್ಣಾ, ನೀವು ಕೇಳಿದ್ದಕ್ಕೆ ಹೇಳುತ್ತೇನೆ, ಮನೆಯಲ್ಲಿ ಯಾರಿಗೂ ಹೇಳಿಲ್ಲ. ಎರಡು ತಿಂಗಳ ಹಿಂದೆ ಎದೆ ಬಡಿತ ಜಾಸ್ತಿಯಾಗಿ ತರಗತಿಯಲ್ಲೇ ಕೂತುಬಿಟ್ಟೆ. ತವರಿಗೆ ಹೋಗುತ್ತೇನೆ ಅಂತ ಹೇಳಿ ಒಬ್ಬಳೇ ಮನೋವೈದ್ಯರ ಹತ್ತಿರ ಹೋಗಿ ಬಂದೆ. ಆತಂಕ ಅಂತ ಒಂದು ಮಾತ್ರೆ ಕೊಟ್ಟರು, ಈಗ ಪರವಾಗಿಲ್ಲ. ಕೆನಡಾ ಮೆಡಿಕಲ್‌ನಲ್ಲಿ ಇದನ್ನು ಹೇಳಬೇಕಾ? ಹೇಳಿದರೆ ನನ್ನಿಂದಲೇ ಫೈಲ್ ಕೆಡುತ್ತಾ ಅನ್ನೋ ಭಯ.

ಸಿಂಧನೂರಿಂದ ಕ್ಯಾಲ್ಗರಿ

ಹೇಳಿ. ಅಂಜಬೇಡಿ. ಕೆನಡಾದಲ್ಲಿ ಕಾಯಿಲೆಯ ಖರ್ಚು ಜಾಸ್ತಿ ಬರುತ್ತೆ ಅನ್ನೋ ಕಾರಣಕ್ಕೆ ಅರ್ಜಿ ತಿರಸ್ಕರಿಸೋ ನಿಯಮ ಒಂದಿದೆ, ಆದರೆ ಸ್ಪಾನ್ಸರ್ ಮಾಡಿದ ಗಂಡ ಹೆಂಡತಿಗೆ ಅದು ಅನ್ವಯ ಆಗಲ್ಲ. ಕಾನೂನಿನ 38(2)ನೇ ಕಲಂನಲ್ಲೇ ಬರೆದಿದೆ. ಆರೋಗ್ಯದಿಂದ ಬೇರೆಯವರಿಗೆ ಅಪಾಯ ಇದೆಯಾ ಅನ್ನೋದನ್ನು ಮಾತ್ರ ನೋಡುತ್ತಾರೆ. ಆತಂಕಕ್ಕೆ ಮಾತ್ರೆ ತಗೊಂಡವರು ಯಾರಿಗೆ ಅಪಾಯ? ಕೇಳಿದಾಗ ಮುಚ್ಚಿಟ್ಟರೆ ಮಾತ್ರ ಅದು ತಪ್ಪು.

ರಾಯಚೂರು ನರ್ಸ್

ನಿಮ್ಮ ಡಾಕ್ಟರ ಹತ್ತಿರ ಚೀಟಿ, ಮಾತ್ರೆಯ ವಿವರ ಒಂದು ಪ್ರತಿ ಇಸ್ಕೊಳ್ಳಿ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯಲ್ಲಿ ನಿಮ್ಮ ದಾಖಲೆ ಕೇಳೋ ಹಕ್ಕು ನಿಮಗಿದೆ. ಅದನ್ನು ಗುಟ್ಟಾಗಿ ಇಡೋ ಹೊಣೆ ಅವರದು. ಆಮೇಲೆ, ಆಗುವುದಾದರೆ ಅತ್ತೆಗೆ ಹೇಳಿ ನೋಡಿ. ಮಗನಿಗೋಸ್ಕರ ಹರಕೆ ಹೊತ್ತವರು ಸೊಸೆಯ ಕಷ್ಟ ಕೇಳದೇ ಇರಲ್ಲ ಅನಿಸುತ್ತೆ.

ಕುಷ್ಟಗಿ ಹುಡುಗ

ವಿಸಿಟರ್ ವೀಸಾ ಹಾಕಿದರೆ? ಪಿಆರ್ ಫೈಲ್ ನಡೀತಿರುವಾಗ ಹಾಕಬಾರದು ಅಂತಾರಲ್ವಾ?

ಸಿಂಧನೂರಿಂದ ಕ್ಯಾಲ್ಗರಿ

ಹಾಕಬಹುದು. ಕೆನಡಾ ವಲಸೆ ಕಾನೂನಿನ 22(2)ನೇ ಕಲಂ ಅದನ್ನೇ ಹೇಳುತ್ತೆ. ಮುಂದೆ ಅಲ್ಲೇ ನೆಲೆಸೋ ಆಸೆ ಇದ್ದರೂ, ಈಗ ತಾತ್ಕಾಲಿಕವಾಗಿ ಬಂದು ಅವಧಿ ಮುಗಿದಾಗ ವಾಪಸ್ ಹೋಗುತ್ತೇನೆ ಅಂತ ಆಫೀಸರ್‌ಗೆ ನಂಬಿಕೆ ಬಂದರೆ ಸಾಕು. ಶಾಲೆಯ ರಜೆ ಪತ್ರ, ಊರಿನ ಆಸ್ತಿ, ಮನೆಯವರ ವಿವರ ಕೊಡಿ. ಪಿಆರ್ ಅರ್ಜಿ ನಂಬರನ್ನೂ ಬರೆಯಿರಿ, ಮುಚ್ಚಿಡಬೇಡಿ. ರಿಜೆಕ್ಟ್ ಆದರೂ ಪಿಆರ್ ಫೈಲ್ ಅದರ ಪಾಡಿಗೆ ನಡೆಯುತ್ತೆ. ಬಂದು ಜೊತೆಗಿದ್ದ ಎರಡು ತಿಂಗಳಲ್ಲಿ ನನ್ನ ಹೆಂಡತಿ ನನ್ನನ್ನು ದಿನಾ ಸಂಜೆ ವಾಕಿಂಗ್ ಎಳೆದುಕೊಂಡು ಹೋಗುತ್ತಿದ್ದಳು, ಮೈನಸ್ ಹದಿನೈದರಲ್ಲೂ. ಅದರ ಬೆಲೆ ನನಗೆ ಗೊತ್ತು.

ಗಂಗಾವತಿ ಟೀಚರ್

ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಆ ಶುಕ್ರವಾರ ಅವರು ಫೋನಿನಲ್ಲಿ ಟೈಪ್ ಮಾಡಿ ಡಾಕ್ಟರಿಗೆ ತೋರಿಸಿದರು. ಡಾಕ್ಟರ್ ಮಾತ್ರೆ ಬದಲಿಸಿ, ವಾರಕ್ಕೊಮ್ಮೆ ಕೌನ್ಸೆಲಿಂಗ್ ಹಾಕಿದರು. ಪತ್ರನೂ ಕೊಟ್ಟರು, ಒಂದೂವರೆ ಪುಟ. ಅದರಲ್ಲಿ ಒಂದು ಸಾಲು ಓದಿ ಎದೆ ಹಿಡಿದ ಹಾಗಾಯಿತು. ದಿನಕ್ಕೆ ಒಮ್ಮೆ ಹೆಂಡತಿ ಜೊತೆ ಮಾತಾಡುವಾಗ ಮಾತ್ರ ಹಾಸಿಗೆಯಿಂದ ಏಳುತ್ತಾರೆ ಅಂತ ಇತ್ತು. ನಾನು ಸೂರು ನೋಡುತ್ತಿದ್ದ ಆ ಇಪ್ಪತ್ತು ನಿಮಿಷ ಅವರು ಎದ್ದು ಕೂತಿರುತ್ತಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ.

ವೆಬ್‌ಫಾರ್ಮ್ ಹಾಕಿದೆವು, ಸಂಸದರ ಕಚೇರಿಗೂ ಕೊಟ್ಟೆವು. ಇಐ ಬರುತ್ತಿದೆ. ಅವರು ಊರಿಗೆ ಬರಲಿಲ್ಲ, ಡಾಕ್ಟರ್ ಈಗ ಬೇಡ ಅಂದರು. ಅತ್ತೆಗೆ ನನ್ನ ವಿಷಯ ಹೇಳಿದೆ. ಏನೂ ಮಾತಾಡಲಿಲ್ಲ. ಮರುದಿನ ಬೆಳಗಿನ ಜಾವ ನನಗಿಂತ ಮೊದಲೇ ಎದ್ದು ಚಹಾ ಮಾಡಿ ಮಹಡಿಗೆ ತಂದು ಪಕ್ಕದಲ್ಲಿ ಕೂತರು. ಈಗ ಮೂರೂ ಜನ ಮಾತಾಡುತ್ತೇವೆ. ಅವರು ಫೋನನ್ನು ಗೋಡೆಗೆ ಒರಗಿಸಿ ಇಡುತ್ತಾರೆ. ಗಡ್ಡ ಬಿಟ್ಟಿದ್ದಾರೆ.

ನಿನ್ನೆ ಮೆಡಿಕಲ್ ಪತ್ರ ಬಂತು. ನಮ್ಮ ಕೋರಿಕೆಯಿಂದ ಬಂತೋ, ಸರದಿಯಲ್ಲೇ ಬಂತೋ ಅವರು ಹೇಳಿಲ್ಲ. 30 ದಿನದೊಳಗೆ ಮಾಡಿಸಬೇಕು. ಬೆಂಗಳೂರಿಗೆ ಹೋಗಲಾ, ಹೈದರಾಬಾದಿಗಾ?

ಸಿಂಧನೂರಿಂದ ಕ್ಯಾಲ್ಗರಿ

ತಂಗಿ, ಓದಿ ಕಣ್ಣು ತುಂಬಿತು. ಪಟ್ಟಿಯಲ್ಲಿರೋ ಡಾಕ್ಟರ ಹತ್ತಿರವೇ ಆಗಬೇಕು, ಐಆರ್‌ಸಿಸಿ ಸೈಟಿನಲ್ಲಿ ಊರು ಹಾಕಿ ಹುಡುಕಿ. ಎರಡೂ ಕಡೆ ಇದ್ದಾರೆ. ಯಾರ ಹತ್ತಿರ ಬೇಗ ದಿನ ಸಿಗುತ್ತೋ ಅಲ್ಲಿಗೆ ಹೋಗಿ. ಪೊಲೀಸ್ ಕ್ಲಿಯರೆನ್ಸ್ ಹಳೆಯದಾಗಿದ್ದರೆ ಪಾಸ್‌ಪೋರ್ಟ್ ಸೇವಾ ಸೈಟಿನಲ್ಲಿ ಈಗಲೇ ಹೊಸದಕ್ಕೆ ಹಾಕಿಬಿಡಿ, ಕೇಳಿದಾಗ ಕೈಯಲ್ಲಿರುತ್ತೆ.

ರಾಯಚೂರು ನರ್ಸ್

ಹೈದರಾಬಾದಿಗೆ ದಿನ ತಗೊಳ್ಳಿ, ರಾಯಚೂರಿಂದ ಹತ್ತಿರ. ಹಿಂದಿನ ದಿನ ಸಂಜೆ ಬಸ್ಸಿಗೆ ನಮ್ಮ ಮನೆಗೆ ಬನ್ನಿ, ರಾತ್ರಿ ಇಲ್ಲೇ ಇದ್ದು ಬೆಳಿಗ್ಗೆ ರೈಲಿಗೆ ಹೋಗೋಣ. ಅವತ್ತು ನಾನು ರಜೆ ಹಾಕುತ್ತೇನೆ. ಪಾಸ್‌ಪೋರ್ಟ್, ಮೆಡಿಕಲ್ ಪತ್ರ, ಕನ್ನಡಕ ಇದ್ದರೆ ಕನ್ನಡಕ, ನಿಮ್ಮ ಡಾಕ್ಟರ್ ಚೀಟಿ ತನ್ನಿ. ಡಾಕ್ಟರ್ ಮೈ ಪರೀಕ್ಷೆ ಮಾಡುತ್ತಾರೆ, ಆಮೇಲೆ ರಕ್ತ, ಮೂತ್ರ, ಎದೆ ಎಕ್ಸ್‌ರೇ ಇರುತ್ತೆ. ಅತ್ತೆಯವರನ್ನೂ ಕರೆದುಕೊಂಡು ಬನ್ನಿ, ಜಾಗ ಇದೆ.

ಗಂಗಾವತಿ ಟೀಚರ್

ಬುಧವಾರಕ್ಕೆ ದಿನ ಸಿಕ್ಕಿದೆ ಅಕ್ಕಾ. ಮಂಗಳವಾರ ಸಂಜೆ ಬರುತ್ತೇವೆ, ಅತ್ತೆನೂ ಬರುತ್ತಾರೆ. ಶೇಂಗಾ ಹೋಳಿಗೆ ಮಾಡಿ ತರುತ್ತಾರಂತೆ, ನಿಮ್ಮ ಮನೆಯಲ್ಲಿ ಎಷ್ಟು ಜನ ಅಂತ ಕೇಳು ಅಂದರು.